ಕಿಬೋ ಕಾಣದ ಆ ಏಪ್ರಿಲ್, ಮತ್ತು ನೀವೆಲ್ಲ

ಒಂಬತ್ತು ವರ್ಷ ಟಾಂಜಾನಿಯಾದಲ್ಲಿ ಸೇವೆ ಮಾಡಿ ಹೋದ ತಿಂಗಳು ಬಂಟ್ವಾಳ ಕಡೆಯ ನಮ್ಮ ಮನೆಗೆ ಬಂದೆ. ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಎಷ್ಟೋ ಜನ ಕೈ ಹಿಡಿದು ಮಾತಾಡಿಸಿದಿರಿ. ಆವತ್ತು ನನಗೆ ಮಾತೇ ಬರಲಿಲ್ಲ. ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ನರ್ಸ್. ಕಿಲಿಮಂಜಾರೋದ ದಕ್ಷಿಣದ ಇಳಿಜಾರಿನಲ್ಲಿ, ಚಗ್ಗಾ ಜನರ ಹಳ್ಳಿಯೊಂದರಲ್ಲಿ ನಮ್ಮ ಸಣ್ಣ ಡಿಸ್ಪೆನ್ಸರಿ ಇದೆ. ಅಲ್ಲಿ ಪ್ರತಿ ಮನೆಗೂ ಒಂದು ತೋಟ, ಕಿಹಂಬಾ ಅಂತಾರೆ. ಮೇಲೆ ದೊಡ್ಡ ಮರ, ಕೆಳಗೆ ಬಾಳೆ, ಬಾಳೆಯ ನೆರಳಲ್ಲಿ ಕಾಫಿ, ನೆಲದಲ್ಲಿ ಕೆಸು. ಮೊದಲ ದಿನ ನೋಡಿದಾಗ ನಮ್ಮ ಅಡಿಕೆ ತೋಟದಲ್ಲೇ ನಿಂತ ಹಾಗಾಯಿತು. ತೋಟಗಳ ನಡುವೆ ಮಣ್ಣಿನ ಕಾಲುವೆ ಹರಿಯುತ್ತದೆ. ಅದಕ್ಕೆ ಮ್ಫೊಂಗೊ ಅಂತ ಹೆಸರು. ಕಾಡಿನ ಹೊಳೆಯಿಂದ ನೀರು ತಿರುಗಿಸಿ, ಗುಡ್ಡದ ಅಂಚು ಹಿಡಿದು ಕೆಳಗಿನವರೆಗೆ ತಂದದ್ದು ಅವರ ಹಿಂದಿನ ತಲೆಮಾರುಗಳು. ಯಾರಿಗೆ ಯಾವ ಹೊತ್ತು ನೀರು ಎಂಬುದಕ್ಕೆ ಸರದಿ ಇದೆ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಸುರಂಗದ ನೀರು ಕುಡಿದು ಬೆಳೆದ ನನಗೆ ಇದು ತುಂಬ ಹಿಡಿಸಿತು.

ಆದರೆ ನನ್ನ ಕಣ್ಣೆಲ್ಲ ಶಿಖರದ ಮೇಲೆ. ಕಿಬೋ, 5,895 ಮೀಟರ್. 1848ರಲ್ಲಿ ರೆಬ್ಮಾನ್ ಎಂಬ ಮಿಷನರಿ ಅಲ್ಲಿ ಹಿಮ ಕಂಡ. ಅದನ್ನು ಬರೆದಾಗ ಯುರೋಪಿನ ಪಂಡಿತರು ಕೆಲವರು ನಂಬಲೇ ಇಲ್ಲ. ಸಮಭಾಜಕದ ಪಕ್ಕದಲ್ಲಿ ಹಿಮವೇ ಅಂತ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದರೆ ಅದು ಎದುರಿಗೇ ಹೊಳೆಯುತ್ತಿತ್ತು. ಅದರ ಕಡೆ ಮುಖ ಮಾಡಿಯೇ ನನ್ನ ಪ್ರಾರ್ಥನೆ. ಸ್ವಲ್ಪ ಹೊತ್ತಿಗೆ ಮೋಡ ಬಂದು ಮುಚ್ಚುತ್ತಿತ್ತು. ಆಗ ಮನಸ್ಸಿಗೆ ಬೇಜಾರು.

2020ರ ಏಪ್ರಿಲ್‌ನಲ್ಲಿ ಅಮ್ಮ ತೀರಿಕೊಂಡರು. ಕೊರೊನಾ ಲಾಕ್‌ಡೌನ್, ವಿಮಾನ ಇರಲಿಲ್ಲ. ಅಂತ್ಯಕ್ರಿಯೆಗೆ 20 ಜನ ಮಾತ್ರ ಎಂಬ ನಿಯಮ. ಅಣ್ಣ ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಮಣ್ಣು ಹಾಕಿದ. ಅಣ್ಣಾ, ಆ ಹೊತ್ತಿನಲ್ಲೂ ನನ್ನನ್ನು ಮರೆಯಲಿಲ್ಲ ನೀನು. ಬಾಗಿಲು ಮುಚ್ಚಿದ ಇಗರ್ಜಿಯಲ್ಲಿ ಅಮ್ಮನಿಗಾಗಿ ಪೂಜೆ ಇಟ್ಟ ಫಾದರ್, ನಲವತ್ತು ದಿನವೂ ತಮ್ಮ ತಮ್ಮ ಮನೆಯಲ್ಲೇ ಜಪಸರ ಹೇಳಿದ ವಾರ್ಡಿನ ಅಕ್ಕಂದಿರು, ನಿಮ್ಮನ್ನೆಲ್ಲ ಮರೆಯಲು ನನ್ನಿಂದ ಆಗದು.

ಅಲ್ಲಿ ಅದು ದೊಡ್ಡ ಮಳೆಯ ಕಾಲ. ವಾರಗಟ್ಟಲೆ ಕಿಬೋ ಕಾಣಲಿಲ್ಲ. ಪ್ರಾರ್ಥನೆಗೆ ಕೂತರೆ ಎದುರಿಗೆ ಬರೀ ಬೂದು ಬಣ್ಣ. ದೇವರು ಮುಖ ತಿರುಗಿಸಿಕೊಂಡ ಹಾಗೆ ಅನಿಸುತ್ತಿತ್ತು. ನನ್ನ ನೈಟ್ ಡ್ಯೂಟಿಯನ್ನು ಇಬ್ಬರು ಸಿಸ್ಟರುಗಳು ಕೇಳದೇ ಹಂಚಿಕೊಂಡರು. ಹಳ್ಳಿಯ ಹೆಂಗಸರು ಬಾಳೆಗೊನೆ ಹೊತ್ತು ಬಂದು, "ಪೋಲೆ ಸಾನಾ, ಸಿಸ್ಟಾ" (ತುಂಬ ದುಃಖವಾಯಿತು, ಸಿಸ್ಟರ್) ಅನ್ನುತ್ತ ಜಗಲಿಯಲ್ಲಿ ಸುಮ್ನೆ ಕೂತರು. ಸುಮ್ನೆ ಕೂರುವುದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಗೊತ್ತಾದದ್ದು ಆಗ.

ಅವರಲ್ಲಿ ಒಬ್ಬರು ಪಕ್ಕದ ಮನೆಯ ಬೀಬಿ. ಅಲ್ಲಿ ಅಜ್ಜಿಗೆ ಬೀಬಿ ಅಂತಾರೆ. ಮಳೆ ಬಿಟ್ಟ ಮೇಲೆ ಕಾಲುವೆ ಸರಿಮಾಡಲು ಊರವರು ಮೇಲೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಕಾಡಿನೊಳಗೆ ಮೋಡ ನೆಲಕ್ಕೇ ಇಳಿದಿತ್ತು. ಮರದ ಮೈತುಂಬ ಪಾಚಿ. ಮಳೆ ಇಲ್ಲ, ಆದರೂ ಪಾಚಿಯಿಂದ ಟಪಟಪ ಹನಿ ಬೀಳುತ್ತಲೇ ಇತ್ತು. ಬೆಟ್ಟ ಕಾಣುವುದೇ ಇಲ್ಲ ಬೀಬಿ, ಅಂದೆ. ಅವರು ಪಾಚಿಯನ್ನು ಹಿಂಡಿ ನನ್ನ ಅಂಗೈಗೆ ನೀರು ಬಿಟ್ಟರು. "ನೀನು ದಿನಾ ನೋಡುವ ಆ ಬಿಳಿ ನಮಗೆ ನೀರು ಕೊಡುವುದಿಲ್ಲ ಮಗಳೇ. ನಮ್ಮ ಕಾಲುವೆಗೆ ಬರುವುದು ಇದು."

ಅದು ಸುಮ್ನೆ ಸಮಾಧಾನದ ಮಾತು ಅಂದುಕೊಂಡಿದ್ದೆ. ಆಮೇಲೆ ಓದಿದೆ, ನಿಜವೇ. ಆ ಬೆಟ್ಟದ ಹೊಳೆಗಳಿಗೆ ಹೆಚ್ಚುಕಡಿಮೆ ಎಲ್ಲ ನೀರು ಬರುವುದು ಕಾಡಿನ ಮಳೆ ಮತ್ತು ಮಂಜಿನಿಂದ. ಹಿಮದ ಪಾಲು ತೀರಾ ಕಡಿಮೆ. 1912ರಿಂದ ಈಚೆಗೆ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹಿಮ ಹೊರಟೇಹೋಗಿದೆ. ಅದು ದುಃಖದ ಸಂಗತಿ. ಆದರೆ ನಾನು ಅಲ್ಲಿಯವರೆಗಿನ ನಾಲ್ಕು ವರ್ಷ ಕುಡಿದದ್ದು, ಗಾಯ ತೊಳೆದದ್ದು, ಹುಟ್ಟಿದ ಮಕ್ಕಳಿಗೆ ಸ್ನಾನ ಮಾಡಿಸಿದ್ದು ಎಲ್ಲ ಆ ಮೋಡದ ನೀರಿನಲ್ಲಿ. ಯಾವುದು ಬೆಟ್ಟವನ್ನು ಮರೆಮಾಡಿತು ಅಂತ ದೂರುತ್ತಿದ್ದೆನೋ, ಅದೇ ಮೋಡ. ಆ ದಿನದಿಂದ ನನ್ನ ಪ್ರಾರ್ಥನೆ ಬದಲಾಯಿತು. ಕುರ್ಚಿಯನ್ನು ಕಾಲುವೆಯ ಕಡೆ ತಿರುಗಿಸಿ ಹಾಕಿಕೊಂಡೆ. ಕಾಣದಿದ್ದರೂ ಅದರ ಸದ್ದು ಕೇಳುತ್ತದೆ, ರಾತ್ರಿಯೂ ಕೇಳುತ್ತದೆ.

ಕೆಳಗೆ ಬಂದ ಮೇಲೆ ಬೀಬಿ ಕಾಲುವೆಯ ಅಂಚಿನಲ್ಲಿ ಅಮ್ಮನ ಹೆಸರಲ್ಲಿ ಇಸಾಲೆ ಗಿಡ ನೆಟ್ಟರು. ಚಗ್ಗಾ ಜನ ಸಮಾಧಿಯ ಹತ್ತಿರ ನೆಡುವ ಗಿಡ ಅದು. ಸಮಾಧಿ ಬಂಟ್ವಾಳದಲ್ಲಿದೆ ಅಂದರೆ, ಇರಲಿ ಬಿಡು, ಅಂದರು. ನಾನು ಹೊರಡುವ ದಿನ ಅದು ನನ್ನ ಭುಜದೆತ್ತರ ಬೆಳೆದಿತ್ತು. ಅಸಾಂಟೆ ಸಾನಾ, ಬೀಬಿ. ತುಂಬ ಧನ್ಯವಾದ.

ಇಲ್ಲಿ ಅಮ್ಮನ ಸಮಾಧಿಗೆ ಇಷ್ಟು ವರ್ಷ ತಪ್ಪದೆ ಹೂವಿಟ್ಟವರು ಯಾರು ಯಾರು ಅಂತ ಅಣ್ಣ ಒಬ್ಬೊಬ್ಬರ ಹೆಸರೂ ಹೇಳಿದ್ದಾನೆ. ನಿಮ್ಮೆಲ್ಲರ ಮನೆಗೆ ಬರುತ್ತೇನೆ. ನಾಳೆ ಮಾತ್ರ ಬಿಡುವಿಲ್ಲ. ಅಣ್ಣನ ಜೊತೆ ಸೇರಿ ಸುರಂಗದ ಬಾಯಿಯ ಕೆಸರು ತೆಗೆಯಲಿಕ್ಕಿದೆ.