ಮಗಳಿಗೊಂದು ಪತ್ರ: ದೇಹದ ಹೊದಿಕೆಯ ಜೀವಕೋಶಗಳ ಕುರಿತು

ಮಂಗಳೂರು

ಪ್ರೀತಿಯ ಮಗಳೇ,

ಶುಭಾಶೀರ್ವಾದಗಳು. ಮಣಿಪಾಲದಲ್ಲಿ ನರ್ಸಿಂಗ್ ತರಗತಿಗಳು ಆರಂಭವಾದ ಮೇಲೆ ನೀನು ಬರೆದ ಪತ್ರದಲ್ಲಿ ಎಪಿಥೀಲಿಯಂ, ಅಂದರೆ ದೇಹದ ಹೊರಮೈಯನ್ನೂ ಒಳಗಿನ ಅಂಗಗಳ ಒಳಮೈಯನ್ನೂ ಹೊದಿಸುವ ಅನುಲೇಪಕ ಅಂಗಾಂಶದ ಪಾಠದಲ್ಲಿ ಹೆಸರುಗಳನ್ನು ಬಾಯಿಪಾಠ ಮಾಡುವುದೇ ಆಗಿದೆ ಎಂದು ಬೇಸರಪಟ್ಟಿದ್ದೀಯೆ. ಆ ಜೀವಕೋಶ ಇರುವ ಜಾಗದಲ್ಲಿ ಯಾವ ಕೆಲಸ ನಡೆಯಬೇಕಾಗಿದೆ ಎಂದು ಕೇಳಿಕೊಂಡರೆ ಅದರ ಆಕಾರ ತಾನಾಗಿಯೇ ಮನಸ್ಸಿನಲ್ಲಿ ನಿಲ್ಲುತ್ತದೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಆಮ್ಲಜನಕ ಬೇಗನೆ ರಕ್ತಕ್ಕೆ ದಾಟಬೇಕು, ಹಾಗಾಗಿ ಅಲ್ಲಿ ಅವು ತೀರ ತೆಳ್ಳಗೆ ಹರಡಿಕೊಂಡಿವೆ. ಸಣ್ಣ ಕರುಳಿನಲ್ಲಿ ಹೀರುವ ಕೆಲಸ ಹೆಚ್ಚು, ಹಾಗಾಗಿ ಅಲ್ಲಿ ಕಂಬಗಳ ಹಾಗೆ ನಿಂತಿವೆ. ಬಾಯಿ ಮತ್ತು ಅನ್ನನಾಳದಲ್ಲಿ ತಿಕ್ಕಾಟವನ್ನು ತಾಳಲು ಹಲವು ಪದರಗಳಾಗಿವೆ. ವರ್ಗೀಕರಣದ ವಿಷಯ ಇಷ್ಟು ಸಾಕು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಈ ಜೀವಕೋಶಗಳನ್ನೇ ನೋಡುತ್ತಾ ಬಂದಿರುವ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ದೇಹವು ಹೊರಜಗತ್ತನ್ನು ಎದುರಿಸುವುದು ಈ ಪದರದಲ್ಲಿಯೇ ಆದ್ದರಿಂದ ಎಷ್ಟೋ ಕಾಯಿಲೆಗಳು ಇಲ್ಲಿಂದಲೇ ಹುಟ್ಟುತ್ತವೆ. ಅದೇ ಕಾರಣದಿಂದ ಅವುಗಳಲ್ಲಿ ಹಲವನ್ನು ಕಣ್ಣಿನಿಂದ, ಕೈಯಿಂದ, ಒಂದು ಗಾಜಿನ ಸ್ಲೈಡಿನಿಂದ ಬೇಗನೆ ಗುರುತಿಸಲೂಬಹುದು.

ಈ ಪದರದೊಳಗೆ ರಕ್ತನಾಳಗಳಿಲ್ಲ. ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ಜೀವಕೋಶಗಳು ಆಧಾರಪೊರೆ ಎಂಬ ತೆಳುವಾದ ಹಾಸಿನ ಮೇಲೆ ಕುಳಿತಿರುತ್ತವೆ. ಪೋಷಣೆಯೆಲ್ಲ ಆ ಪೊರೆಯ ಕೆಳಗಿನಿಂದಲೇ ಬರಬೇಕು. ಸದಾ ಸವೆಯುವ ಜಾಗವಾದ್ದರಿಂದ ಇವು ಸದಾ ಹೊಸದಾಗಿ ಹುಟ್ಟುತ್ತಲೂ ಇರುತ್ತವೆ. ಕರುಳಿನ ಒಳಪದರ ಸುಮಾರು 3ರಿಂದ 5 ದಿನಗಳಲ್ಲಿ ಹೊಸದಾಗುತ್ತದೆ. ಕಿಮೋಥೆರಪಿ ಪಡೆಯುವವರಿಗೆ ಬಾಯಿಹುಣ್ಣು, ಭೇದಿ ಕಾಣಿಸಿಕೊಳ್ಳುವುದು ಇದರಿಂದಲೇ, ಏಕೆಂದರೆ ವೇಗವಾಗಿ ವಿಭಜಿಸುವ ಕೋಶಗಳನ್ನು ಹೊಡೆಯುವ ಔಷಧಿಗೆ ಕ್ಯಾನ್ಸರ್ ಕೋಶ ಯಾವುದು, ಕರುಳಿನ ಕೋಶ ಯಾವುದು ಎಂಬ ಭೇದ ತಿಳಿಯದು.

ಕಾಲರಾದ ಉದಾಹರಣೆಯನ್ನು ನೀನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಆ ರೋಗಾಣು ಸ್ರವಿಸುವ ವಿಷವಸ್ತುವನ್ನು ಕೋಲ್ಕತ್ತದ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು. ಆ ವಿಷ ಕರುಳಿನ ಕೋಶವನ್ನು ಕೊಲ್ಲುವುದಿಲ್ಲ. ಉಪ್ಪಿನಂಶವನ್ನೂ ನೀರನ್ನೂ ಎಡೆಬಿಡದೆ ಹೊರಗೆ ಸುರಿಯುವಂತೆ ಮಾಡುತ್ತದೆ. ಆದರೂ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆ ಸೆಳೆಯುವ ವ್ಯವಸ್ಥೆ ಆ ಕೋಶದಲ್ಲಿ ಕೆಡದೆ ಉಳಿದಿರುತ್ತದೆ. ಉಪ್ಪು, ಗ್ಲೂಕೋಸ್ ಬೆರೆಸಿದ ಕುಡಿಯುವ ನೀರು, ಅಂದರೆ ಓಆರ್‌ಎಸ್, ಕೆಲಸ ಮಾಡುವುದು ಈ ಬಾಗಿಲಿನ ಮೂಲಕ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಇದನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಭೇದಿಯಾದಾಗ ನಮ್ಮ ಮನೆಗಳಲ್ಲಿ ಉಪ್ಪು ಹಾಕಿ ಕೊಡುವ ಗಂಜಿತಿಳಿಯಲ್ಲಿಯೂ ಪಿಷ್ಟ ಗ್ಲೂಕೋಸ್ ಆಗಿ ಅದೇ ದಾರಿಯಲ್ಲಿ ಉಪ್ಪನ್ನೂ ನೀರನ್ನೂ ಒಳಗೆ ಕರೆದೊಯ್ಯುತ್ತದೆ.

ಇನ್ನು ಬಾಯಿಯ ಕ್ಯಾನ್ಸರ್. ದೊಡ್ಡವರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಬಹುಪಾಲು ಎಪಿಥೀಲಿಯಂನಿಂದಲೇ ಹುಟ್ಟುವಂಥವು. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಮಾತಾಡುವುದು ಕಷ್ಟ, ಏಕೆಂದರೆ ಪುತ್ತೂರು, ಸುಳ್ಯಗಳ ಎಷ್ಟೋ ಮನೆಗಳು ನಡೆಯುವುದು ಅಡಿಕೆಯಿಂದ. ನಿನ್ನ ಓದಿಗೂ ಅಜ್ಜನ ತೋಟದ ಹಣ ಬಂದಿದೆ. ಆ ಋಣ ನನಗೆ ಗೊತ್ತಿದ್ದೂ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿಯೇ ಇರಿಸಿದೆ. ಅಡಿಕೆಯನ್ನು ಜಗಿಯುತ್ತಲೇ ಇದ್ದರೆ ಕೆನ್ನೆಯ ಒಳಪದರದ ಕೆಳಗೆ ನಾರು ತುಂಬಿ ಗಡುಸಾಗುತ್ತದೆ, ಮೇಲಿನ ಎಪಿಥೀಲಿಯಂ ತೆಳುವಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತಾ ಬರುತ್ತದೆ. ಕೆಟ್ಟ ಜೀವಕೋಶಗಳು ಆಧಾರಪೊರೆಯ ಮೇಲೆಯೇ ಇರುವವರೆಗೆ ಅವುಗಳಿಗೆ ರಕ್ತನಾಳವಾಗಲಿ ದುಗ್ಧರಸ (ಲಿಂಫ್) ನಾಳವಾಗಲಿ ಸಿಗುವುದಿಲ್ಲ. ಆಗ ಅಷ್ಟು ಭಾಗವನ್ನು ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಪೊರೆ ದಾಟಿ ಕುತ್ತಿಗೆಯ ಗಂಟುಗಳನ್ನು ತಲುಪಿದ ಮೇಲೆ ಬರುವವರನ್ನು ಕಂಡಾಗ ನನಗೆ ಆಗುವ ಸಂಕಟವನ್ನು ಬರೆದು ತಿಳಿಸಲಾರೆ.

ಗರ್ಭಕಂಠದಲ್ಲಿ, ಕ್ಯಾನ್ಸರ್ ಪೊರೆ ದಾಟುವ ಮೊದಲು ಸಿಗುವ ಈ ಅವಧಿ ಇನ್ನೂ ದೀರ್ಘ. ಎಚ್‌ಪಿವಿ ಎಂಬ ವೈರಸ್ ಸಣ್ಣ ಗೀರುಗಳ ಮೂಲಕ ತಳದ ಜೀವಕೋಶಗಳನ್ನು ಸೇರುತ್ತದೆ; ಹೆಚ್ಚಿನ ಸೋಂಕುಗಳು ತಾವಾಗಿಯೇ ಹೋಗುತ್ತವೆ, ಉಳಿದುಕೊಂಡದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಈ ನಂಟನ್ನು ಕಂಡುಹಿಡಿದ ಹೆರಾಲ್ಡ್ ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅಷ್ಟು ವರ್ಷಗಳ ಅವಕಾಶವಿದ್ದರೂ ನಾಚಿಕೆಯಿಂದ, ಗರ್ಭಕಂಠದ ಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಗೆ ಬಾರದೆ ಹೆಂಗಸರು ಸಾಯುವುದು ನನಗೆ ಒಪ್ಪಿಕೊಳ್ಳಲಾಗದ ಮಾತು. ಈ ವೈರಸ್ ತಡೆಯುವ ಲಸಿಕೆಗೆ ಹುಡುಗಿಯರಿಗೆ ತಕ್ಕ ವಯಸ್ಸು 9ರಿಂದ 14 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿನ್ನ ಚಿಕ್ಕಮ್ಮನ ಮಗಳಿಗೆ ಈಗ ಆ ವಯಸ್ಸು. ಚಿಕ್ಕಮ್ಮನೊಡನೆ ನೀನೇ ಮಾತಾಡು, ನರ್ಸಿಂಗ್ ಓದುವ ಹುಡುಗಿಯ ಮಾತನ್ನು ಅವಳು ಕೇಳುತ್ತಾಳೆ.

ರಜೆಯಲ್ಲಿ ಪುತ್ತೂರಿಗೆ ಹೋದಾಗ ಅಜ್ಜನನ್ನು ಬೆಳಕಿಗೆ ಕೂರಿಸಿ, ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ನಾಲಗೆಯ ಅಂಚು, ನಾಲಗೆಯ ಅಡಿ ಎಲ್ಲವನ್ನೂ ನೋಡು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೊದಲಿಗಿಂತ ಕಡಿಮೆ ತೆರೆಯುವ ಬಾಯಿ, ಇವುಗಳಲ್ಲಿ ಯಾವುದೊಂದು ಕಂಡರೂ ಅವರನ್ನು ಮಂಗಳೂರಿಗೆ ಕರೆದುಕೊಂಡು ಬಾ. ನೋವಿಲ್ಲ ಎಂದು ಅವರು ಹೇಳಿದರೂ ಬಿಡಬೇಡ. ಆರಂಭದಲ್ಲಿ ಹೆಚ್ಚಾಗಿ ನೋವು ಇರುವುದಿಲ್ಲ.

ಇಂತಿ ನಿನ್ನ
ಅಮ್ಮ