ದೋಸ್ತ, ಈ ಸಲಾ ಮೊದಲ್ನೇ ಸೆಟ್ ತಪ್ಪಿಸೂದು ಬ್ಯಾಡ

ಧಾರವಾಡ
ಫೆಬ್ರುವರಿ 2024

ದೋಸ್ತ,

ಹಾವೇರಿ ಕಡೆ ಎಲ್ಲಾ ಆರಾಮಲ್ಲಾ? ಮೊನ್ನಿ ಜನವರಿ 27ಕ್ಕ ಮೆಲ್ಬರ್ನಿನ್ಯಾಗ ನಮ್ಮ ಕೊಡಗಿನ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಗೆದ್ದದ್ದು ನೋಡಿದ್ಯಾ? 43 ವರ್ಷ ಲೇ ಅವಂಗ, ನಮ್ಮ ವಾರಿಗೀಯಾಂವ. ನಾವಿಲ್ಲಿ ಮಾಳಗಿ ಹತ್ತಿದ್ರ ತೇಕತೀವಿ. ಮೊದಲ್ನೇ ಸೆಟ್ 6-6 ಆದ್ಮ್ಯಾಲ ಆಡೂ ಟೈಬ್ರೇಕರಿನ್ಯಾಗ ಎದ್ರಿಗಿನ ಇಟಲಿ ಜೋಡಿಗೆ ಒಂದ ಪಾಯಿಂಟೂ ಕೊಡಲಿಲ್ಲ.

ಮನ್ಯಾಗ ಎಲ್ಲಾರೂ ಬೋಪಣ್ಣನ್ನ ನೋಡಾಕತ್ತಿದ್ರ ನನ್ನ ಕಣ್ಣು ಬಾಜೂಕ ನಿಂತಿದ್ದ ಅವನ ಜೋಡಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಮ್ಯಾಲ. ಈ ಮನಷ್ಯಾನ ಆಟ ನಾ ಎದ್ರಾಎದ್ರು ನೋಡೇನಿ. ಆ ಕಥಿ ನಿಂಗ ಪೂರಾ ಹೇಳಿಲ್ಲ, ನಗ್ತೀಯಂತ.

2020ರ ಫೆಬ್ರುವರಿ, ಬೆಂಗಳೂರು ಓಪನ್. ಲಿಯಾಂಡರ್ ಪೇಸ್ ಆಟ ಬಿಡ್ತೀನಿ ಅಂದಿದ್ದ ವರ್ಷ, ನಮ್ಮ ದೇಶದಾಗ ಅದ ಅವನ ಕಡೀ ಟೂರ್ನಿ. 1996ರಾಗ ಅಟ್ಲಾಂಟಾ ಒಲಿಂಪಿಕ್ಸಿನ್ಯಾಗ ಅವಂಗ ಕಂಚು ಬಂದಾಗ ಪೇಪರಿನ್ಯಾಗಿನ ಫೋಟೋ ಕತ್ತರಿಸಿ ಗಣಿತದ ನೋಟ್‌ಬುಕ್ಕಿಗೆ ಅಂಟಿಸಿ ಮಾಸ್ತರ ಕಡೆ ಬಡಸ್ಕೊಂಡಾಂವ ನೀನ. ಪೇಸ್-ಎಬ್ಡೆನ್ ಜೋಡಿ ಫೈನಲ್ಲಿಗೆ ಬಂತು ಅಂತ ಗೊತ್ತಾಗಿದ್ದ ತಡ, ಹುಬ್ಬಳ್ಳಿಗೆ ಹೋಗಿ ರಾತ್ರಿ ರೈಲು ಹತ್ತಿದ್ನಿ. ಜನರಲ್ ಬೋಗಿ, ಬಾಗಲದಾಗ ಚೀಲದ ಮ್ಯಾಲ ಕುಂತು ಬೆಳಕು ಹರಿಸೀನಿ. ಮುಂಜಾನೆ ಕಾಕಾನ ಮನಿಗೆ ಹೋಗಿ, ಒಂದು ತಾಸು ಅಡ್ಡಾಗ್ತೀನಿ ಅಂತ ಮಲಗಿದಾಂವ ಎದ್ದಾಗ ಹೊತ್ತು ಭಾಳ ಏರಿತ್ತು. ಮುಂದ ಬೆಂಗಳೂರಿನ ಟ್ರಾಫಿಕ್, ಗೊತ್ತಲ್ಲ. ಕಬ್ಬನ್ ಪಾರ್ಕಿನ ಸ್ಟೇಡಿಯಮ್ಮಿಗೆ ಓಡಿ ಬಂದು ಒಳಗ ಕಾಲಿಟ್ರ, ಬೋರ್ಡಿನ ಮ್ಯಾಲ ಮೊದಲ್ನೇ ಸೆಟ್ 6-0. ಪೇಸಂದು ಸೊನ್ನಿ!

ಇಡೀ ರಾತ್ರಿ ಪ್ರಯಾಣಾ ಮಾಡಿ ನೋಡಿದ್ದು ಒಂದ ಸೆಟ್. ಅದೂ 3-6.

ಖರೇ ಹೇಳ್ತೀನಿ, ಆ ಒಂದು ಸೆಟ್ಟಿನ್ಯಾಗ ಕಂಡದ್ದು ಇಷ್ಟು ವರ್ಷ ಟಿವ್ಯಾಗ ಕಂಡಿರಲಿಲ್ಲ. ಟಿವ್ಯಾಗ ಮ್ಯಾಲಿಂದ ತೋರಸ್ತಾರ, ಕೋರ್ಟ್ ಕೇರಂ ಬೋರ್ಡಿನಂಗ ಚಪ್ಪಟಿ. ಅಲ್ಲಿ ಕೆಳಗ ಬಾಜೂಕ ಕುಂತ್ರ ಚೆಂಡು ನೆಟ್ ಮ್ಯಾಲ ಒಂದು ಗೇಣೂ ಏರದ ದಾಟತೈತಿ. ಎದ್ರಿಗಿನ ಜೋಡಿಯ ರಾಮಕುಮಾರ್ ಸರ್ವ್ ಮಾಡಿದ್ರ ಚೆಂಡ ಕಾಣವಲ್ದು, ಹಿಂದಿನ ಪರದೆಗೆ ಬಡದ ಸಪ್ಪಳ ಅಷ್ಟ. ಎಬ್ಡೆನ್ ಸರ್ವ್ ಮಾಡೂ ಮುಂಚೆ ನೆಟ್ಟಿನ ಹಂತ್ಯಾಕ ಬಗ್ಗಿ ನಿಂತ ಪೇಸ್ ಬೆನ್ನ ಹಿಂದ ಬೆರಳಿನ್ಯಾಗ ಸನ್ನಿ ಮಾಡಾಂವ. ಮುಷ್ಟಿ ಇದ್ರ ಇಲ್ಲೇ ಇರ್ತೀನಿ, ಅಂಗೈ ತೆರದ್ರ ಆ ಕಡೆ ದಾಟ್ತೀನಿ ಅಂತ ಅರ್ಥ, ಬಾಜೂಕ ಕುಂತಿದ್ದ ಹಿರಿಯರೊಬ್ರು ಹೇಳಿದ್ರು. 46 ವರ್ಷದ ಕಾಲು, ಆದ್ರ ಚೆಂಡು ಬರೋದ್ರಾಗ ಅಲ್ಲಿ ಹಾಜರ್. ರ‍್ಯಾಕೆಟ್ ಬೀಸಂಗಿಲ್ಲ, ಬರೇ ಅಡ್ಡ ಹಿಡೀತಾನ, ಯಾರದೋ ಮಾರಿ ಮ್ಯಾಲ ಬಾಗಲಾ ಹಾಕಿದಂಗ. ನಾವಿಬ್ರೂ ಕೆಂಪು ಮಣ್ಣಿನ ಕೋರ್ಟಿನ್ಯಾಗ ‘ನಿಂದು, ನಿಂದು’ ಅಂತ ಒದರ್ಕೋತ ನಟ್ಟನಡುವ ಚೆಂಡು ಬಿಡ್ತಿದ್ವಲ್ಲ, ಅದು ನೆನಪಾಗಿ ಒಬ್ಬಾವನ ನಕ್ಕೀನಿ.

ಈ ಟೂರ್ನಿಯ ಡಬಲ್ಸಿನ್ಯಾಗ ಡ್ಯೂಸ್, ಅಂದ್ರ 40-40 ಆದ್ರ ಅಡ್ವಾಂಟೇಜ್ ಇಲ್ಲ, ಒಂದ ಪಾಯಿಂಟಿಗೆ ಗೇಮ್. ಯಾವ ಬಾಜೂದಿಂದ ರಿಟರ್ನ್ ಮಾಡೂದು ಅಂತ ಸರ್ವ್ ತಗೊಳ್ಳಾವ್ರ ಆರಸ್ತಾರ. ಅವ್ರು ತಲಿಗೆ ತಲಿ ಹಚ್ಚಿ ಪಿಸುಗುಡೂ ಹೊತ್ತಿಗೆ ಇಡೀ ಸ್ಟೇಡಿಯಂ ಗಪ್. ಅದ ಟೈಮಿಗೆ ನನ್ನ ಫೋನ್ ಬಡಕೊಂತು. ಕಾಕಾ: ‘ಊಟಕ್ಕ ಬರ್ತೀ ಏನೋ?’

ಪುರವ್ ರಾಜಾ, ರಾಮಕುಮಾರ್ ಗೆದ್ರು. ಜನಾ ಎದ್ದು ನಿಂತು ಚಪ್ಪಾಳಿ ಹೊಡದದ್ದು ಸೋತ ಪೇಸಗ. ಎಬ್ಡೆನ್ ಕಡೆ ನಾ ಅಂತೂ ತಿರುಗಿ ನೋಡಲಿಲ್ಲ. ಈಗ ಎಷ್ಟು ನೆನಪು ಮಾಡ್ಕೊಂಡ್ರೂ ಅವಾ ಆವತ್ತು ಟೋಪಿ ಹಾಕಿದ್ನೋ ಇಲ್ಲೋ ಹೇಳಾಕ ಬರವಲ್ದು. ನಾಕು ವರ್ಷಕ್ಕ ಅದ ಮನಷ್ಯಾ ನಮ್ಮ ಬೋಪಣ್ಣನ್ನ ತಬ್ಬಿಕೊಂಡು ನಿಂತಾನ!

ಹ್ವಾದ ಅಕ್ಟೋಬರದಾಗ 25 ಸಾವಿರ ಡಾಲರ್ ಬಹುಮಾನದ ಐಟಿಎಫ್ (ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿ ನಮ್ಮ ಧಾರವಾಡಕ್ಕ ಬಂದಾಗ ಗೋವಿನಜೋಳದ ರಾಶಿ ಐತಿ ಅಂತ ತಪ್ಪಿಸ್ಕೊಂಡಿ. ಬೆಂಗಳೂರು ಓಪನ್ ಈ ತಿಂಗಳ ಐತಿ. ಫೈನಲ್ ಅಷ್ಟ ಅಲ್ಲ, ಎರಡು ದಿನ ಮೊದ್ಲ ಹೋಗೂಣು. ನಾ ಹುಬ್ಬಳ್ಯಾಗ ಹತ್ತತೀನಿ, ನೀ ಹಾವೇರ್ಯಾಗ ಹತ್ತು. ನಿಮ್ಮವ್ವಗ ಹೇಳಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸ್ಕೊಂಡು ಬಾ. ಸ್ಲೀಪರ್ ಟಿಕೆಟ್ ನಂದು. ಕಾಕಾನ ಮನಿಗೆ ಮಾತ್ರ ಆಟ ಮುಗದ ಮ್ಯಾಲ.

ನಿನ್ನ ಡಬಲ್ಸ್ ಜೋಡಿ