12 ವರ್ಷ ಜೇಬಿನಲ್ಲಿದ್ದ ಚಾಕು

ಡೊಂಬಿವಲಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಅಪ್ಪಯ್ಯಾ, ಮೊದಲ ಸಂಬಳದಲ್ಲಿ ನಿಮ್ಮ ಚಾಕುವಿನಂಥದ್ದೇ ಒಂದು ತಗೊಳ್ಳಲಾ?" ಎಂದೆ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು, ಮಾತು ಅಲ್ಲಿಗೇ ನಿಂತಿತು. ಇವತ್ತು ಮಾರ್ಕೆಟ್ ರಜೆ. ಚಾಕುವನ್ನು ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಇದನ್ನು ನಿನ್ನ ಮಾವ 2013ರಲ್ಲಿ ಅಮೆರಿಕದಿಂದ ಬಂದಾಗ ಕೊಟ್ಟದ್ದು. ನೀನಾಗ ನಾಲ್ಕನೇ ಕ್ಲಾಸು. ಈ ಮಡಚುವ ಚಾಕುವಿನ ಹೆಸರು ಸೆಬೆಂಝಾ. ದಕ್ಷಿಣ ಆಫ್ರಿಕಾದಿಂದ ಹೋಗಿ ಅಮೆರಿಕದ ಐಡಹೊದಲ್ಲಿ ನೆಲೆಸಿದ ಕ್ರಿಸ್ ರೀವ್ ಎಂಬವರ ಕೈಚಳಕ. ಜೂಲೂ ಭಾಷೆಯಲ್ಲಿ ಆ ಪದಕ್ಕೆ ‘ಕೆಲಸ’ ಎಂದು ಅರ್ಥ. ಬೆಲೆ 300 ಡಾಲರಿಗೂ ಮೇಲೆ ಎಂದು ಆಮೇಲೆ ಗೊತ್ತಾಯಿತು. ಆಗಿನ ಲೆಕ್ಕದಲ್ಲಿ 18 ಸಾವಿರ ರೂಪಾಯಿ ದಾಟುತ್ತದೆ. ಎರಡು ತಿಂಗಳು ಅದನ್ನು ಕಪಾಟಿನಿಂದ ಹೊರಗೇ ತೆಗೆಯಲಿಲ್ಲ. ಕೊನೆಗೆ ನಿನ್ನ ಅಮ್ಮನೇ, "ಕೆಲಸ ಅಂತ ಹೆಸರಿಟ್ಟಿದ್ದಾರೆ, ಕೆಲಸಕ್ಕೆ ತಗೊಂಡು ಹೋಗಿ" ಎಂದಳು.

ಅಲ್ಲಿಂದ ಇವತ್ತಿನವರೆಗೆ ನವಿ ಮುಂಬೈಯ ವಾಶಿ ಹಣ್ಣಿನ ಮಾರ್ಕೆಟ್‌ನಲ್ಲಿ ಅದು ನನ್ನ ಬಲಗೈ. ಮಾರ್ಚ್‌ನಿಂದ ಮೇ ತನಕ ಹಾಪುಸ್ ಮಾವಿನ ಸೀಸನ್ ಹೇಗಿರುತ್ತದೆ ಎಂದು ನಿನಗೆ ಗೊತ್ತಲ್ಲ. ಬೆಳಿಗ್ಗೆ ನಾಲ್ಕಕ್ಕೇ ದೇವಗಡ, ರತ್ನಾಗಿರಿ ಲಾರಿಗಳು. ಸುತಲಿ ಹಗ್ಗ ಕೊಯ್ಯಬೇಕು, ಪ್ಲಾಸ್ಟಿಕ್ ಪಟ್ಟಿ ಕೊಯ್ಯಬೇಕು, ರಟ್ಟಿನ ಪೆಟ್ಟಿಗೆ ಬಿಚ್ಚಬೇಕು. ಆಮೇಲೆ ಅದೇ ಚಾಕು ತೊಳೆದು ಒಂದು ಹಣ್ಣು ಕೊಯ್ದು ಗಿರಾಕಿಗೆ ತೋರಿಸಬೇಕು. ಹಾಪುಸ್‌ನೊಳಗೆ ‘ಸಾಕಾ’ ಎಂಬ ದೋಷ ಇದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬಿಳಿಚಿಕೊಂಡ, ಸ್ಪಂಜಿನಂಥ ತಿರುಳು ಕೊಯ್ದಾಗಲೇ ಕಾಣುವುದು.

ಇಷ್ಟರಲ್ಲಿ ಚಾಕುವನ್ನು ಜಾಸ್ತಿ ಮೊಂಡು ಮಾಡುವುದು ಯಾವುದು ಹೇಳು? ಹಣ್ಣೂ ಅಲ್ಲ, ಹಗ್ಗವೂ ಅಲ್ಲ. ರಟ್ಟು. ಹಳೇ ಕಾಗದ ಅರೆದು ಮಾಡುವ ರಟ್ಟಿನಲ್ಲಿ ಮರಳಿನಂಥ ಸಣ್ಣ ಕಣಗಳು ಸೇರಿರುತ್ತವೆ. ಐವತ್ತು ಪೆಟ್ಟಿಗೆ ಬಿಚ್ಚಿದರೆ ನಮ್ಮ ಅಡುಗೆಮನೆ ಚಾಕುವಿನ ಬಾಯಿ ಹೋಗಿರುತ್ತದೆ. ಇದು ಸೀಸನ್‌ನಲ್ಲೂ ಒಂದು ವಾರ ತಡೆಯುತ್ತದೆ. ಇದರ ಅಲಗು ಎಸ್35ವಿಎನ್ ಎಂಬ ಉಕ್ಕಿನದು. ಆ ಉಕ್ಕು 2009ರಲ್ಲಿ ಬಂದದ್ದು. ಅದರಲ್ಲಿ ಸುಮಾರು 14% ಕ್ರೋಮಿಯಂ, 3% ವನಾಡಿಯಂ ಇದೆ. ಆ ವನಾಡಿಯಂ ಇಂಗಾಲದ ಜೊತೆ ಸೇರಿ ಬಹಳ ಗಟ್ಟಿ ಕಣಗಳಾಗುತ್ತದೆ. ಬೇಗ ಸವೆಯದಿರುವುದಕ್ಕೆ ಅದೇ ಕಾರಣ. ಮಸೆಯುವಾಗ ನಮ್ಮನ್ನು ಸತಾಯಿಸುವುದೂ ಅದೇ. ನಿನ್ನ ಅಜ್ಜಿ ಮೆಟ್ಟುಕತ್ತಿ (ಈಳಿಗೆಮಣೆ) ಮಸೆಯುತ್ತಿದ್ದ ಕಲ್ಲಿಗೆ ಇದು ಬಗ್ಗುವುದಿಲ್ಲ. ನಾನು ಡೈಮಂಡ್ ಪುಡಿ ಕೂರಿಸಿದ ಪಟ್ಟಿಯಲ್ಲಿ ಮಸೆಯುತ್ತೇನೆ, ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಎಳೆಯುತ್ತೇನೆ. ವಾರಕ್ಕೆ ಐದು ನಿಮಿಷ ಸಾಕು. ಪೂರ್ತಿ ಮೊಂಡಾಗಲು ಬಿಟ್ಟರೆ ಒಂದು ಇಡೀ ಸಂಜೆ ಬೇಕು. ಸೈಕಲ್ ಮೇಲೆ ಬರುವ ಸಾಣೆಯವನ ಕೈಗೆ ಮಾತ್ರ ಕೊಡಬೇಡ. ಒಣ ಚಕ್ರಕ್ಕೆ ಹಿಡಿದರೆ ಅಂಚು ಬಿಸಿಯಾಗಿ ನೀಲಿಗಟ್ಟುತ್ತದೆ, ಉಕ್ಕಿನ ಹದವೇ ಹೋಗುತ್ತದೆ.

ಆದರೆ ಮಗಾ, ದುಡ್ಡು ಕೊಡುವುದು ಹರಿತಕ್ಕೆ ಅಲ್ಲ. ಹರಿತ ನೂರು ರೂಪಾಯಿ ಚಾಕುವಿಗೂ ಬರುತ್ತದೆ, ಮಸೆಯುವ ಕೈ ಇದ್ದರೆ. ನಾನು ಬೆಲೆ ಕಟ್ಟುವುದು ಲಾಕಿಗೆ.

ನನ್ನ ತೋರುಬೆರಳ ಮೇಲಿನ ಗೆರೆ ನೋಡಿದ್ದೀಯಲ್ಲ. ಈ ಚಾಕು ಬರುವ ಮೊದಲು ಫುಟ್‌ಪಾತ್‌ನಲ್ಲಿ ಕೊಂಡ ಒಂದು ಮಡಚುವ ಚಾಕು ಇತ್ತು. ಬಿಗಿಯಾದ ಪಟ್ಟಿಯೊಂದನ್ನು ಕೊಯ್ಯುತ್ತಿದ್ದೆ, ಲಾಕು ಜಾರಿತು, ಅಲಗು ಬೆರಳ ಮೇಲೇ ಮಡಚಿಕೊಂಡಿತು. ಮೂರು ಹೊಲಿಗೆ ಬಿತ್ತು. ಅವತ್ತು ರಾತ್ರಿ ನೀನು ಹತ್ತಿರ ಕೂತು ನನಗೆ ಅನ್ನ ಕಲಸಿ ಕೊಟ್ಟದ್ದು ನನಗಿನ್ನೂ ನೆನಪಿದೆ. ನಿನ್ನ ಕೈಗೆ ಹಾಗಾಗಬಾರದು ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದರ ಹಿಡಿ ಟೈಟಾನಿಯಂನದು. ಹಿಡಿಯ ಒಂದು ಬದಿಯ ತುಂಡೇ ಸ್ಪ್ರಿಂಗಿನ ಹಾಗೆ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಬಿಗಿಯಾಗಿ ಹಿಡಿದಷ್ಟೂ ನಮ್ಮ ಬೆರಳುಗಳೇ ಆ ಲಾಕನ್ನು ಒಳಕ್ಕೆ ಒತ್ತುತ್ತವೆ. 12 ವರ್ಷದಲ್ಲಿ ಒಮ್ಮೆಯೂ ಜಾರಿಲ್ಲ. ಟೈಟಾನಿಯಂ ಉಕ್ಕಿಗಿಂತ ಮೆದು, ಹಾಗಾಗಿ ಅದು ಸ್ವಲ್ಪ ಸವೆದಿದೆ. ಮೊದಲು ಅಲಗಿನ ಬುಡದ ಅರ್ಧದವರೆಗೆ ಬಂದು ನಿಲ್ಲುತ್ತಿತ್ತು, ಈಗ ಮುಕ್ಕಾಲಿನ ಹತ್ತಿರ ಬಂದಿದೆ. ಆದರೂ ಅಲಗು ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಕೀಲಿನಲ್ಲಿರುವ ಕಂಚಿನ ವಾಷರ್‌ಗಳು ಮೊದಲ ವರ್ಷ ಬಿಗಿ ಬಿಗಿ ಇದ್ದವು. ಈಗ ಬೆಣ್ಣೆಯ ಹಾಗೆ ಜಾರುತ್ತವೆ.

ಕೆಟ್ಟದ್ದೂ ಹೇಳಬೇಕಲ್ವಾ. ಮೂರನೇ ವರ್ಷ ಅವಸರದಲ್ಲಿ ಮರದ ಪೆಟ್ಟಿಯ ಮೊಳೆ ಎಬ್ಬಿಸಲು ಇದರ ಮೊನೆ ಹಾಕಿದೆ. ಟಕ್ ಎಂದಿತು. ಸಾಸಿವೆ ಕಾಳಿನಷ್ಟು ಮೊನೆ ಮುರಿದು ಹೋಯಿತು. ತಪ್ಪು ಪೂರ್ತಿ ನನ್ನದೇ. ಇಷ್ಟು ಗಟ್ಟಿ ಉಕ್ಕು ಬಾಗುವುದಿಲ್ಲ, ಮುರಿಯುತ್ತದೆ. ಹದಿನೈದು ದಿನ ದಿನಾ ರಾತ್ರಿ ಬೆನ್ನಿನ ಕಡೆಯಿಂದ ಸ್ವಲ್ಪ ಸ್ವಲ್ಪ ಉಜ್ಜಿ ಮೊನೆಯನ್ನು ಮತ್ತೆ ಕೆಳಕ್ಕೆ ತಂದೆ. ಈಗ ನೋಡಿದವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಸಲ ಜೂನ್‌ನಲ್ಲಿ ಮಾವಿನ ರಸ ಅಂಟಿದ್ದನ್ನು ತೊಳೆಯದೆ ಚೀಲಕ್ಕೆ ಹಾಕಿ ಎರಡು ದಿನ ಮರೆತೆ. ವಾಶಿ ಖಾಡಿಯ (ಕಡಲ ಹಿನ್ನೀರಿನ) ಉಪ್ಪುಗಾಳಿ, ಮೇಲಿಂದ ಮಳೆ. ತೆಗೆದು ನೋಡಿದರೆ ಬಾಯಿಯ ಹತ್ತಿರ ಕಂದು ಚುಕ್ಕೆಗಳು. ಸ್ಟೇನ್‌ಲೆಸ್ ಎಂದರೆ ಕಲೆ ಬೀಳುವುದು ಕಡಿಮೆ, ಅಷ್ಟೇ. ಪಾಲಿಶ್ ಹಾಕಿ ಉಜ್ಜಿದಾಗ ಹೋಯಿತು. ಒಳಗೆ ರಸ ಒಣಗಿ ಕೀಲೇ ಹಿಡಿದುಕೊಂಡಿತ್ತು. ಅವತ್ತೇ ಮೊದಲ ಸಲ ಪೂರ್ತಿ ಬಿಚ್ಚಿದೆ. ನೀನು ಟಾರ್ಚ್ ಹಿಡಿದು ಕೂತಿದ್ದೆ. ಒಂದು ಸಣ್ಣ ಸ್ಕ್ರೂ ಉರುಳಿ ಹೋಗಿ ಇಬ್ಬರೂ ಮಂಚದ ಕೆಳಗೆ ಹುಡುಕಿದೆವು, ನೆನಪಿದೆಯಾ? ಬಿಚ್ಚಲು ಬೇಕಾದ ಕೀಲಿ ಚಾಕುವಿನ ಜೊತೆಗೇ ಬಂದಿತ್ತು. ಮನೆಯಲ್ಲೇ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿ ಕೂಡಿಸಬಹುದು. ಆ ಬೆಲೆಯಲ್ಲಿ ಇದೂ ಸೇರಿದೆ.

ಅಡುಗೆಮನೆಗೆ ಇದು ಅಷ್ಟಕ್ಕಷ್ಟೆ. ಅಲಗು ದಪ್ಪ. ಗಜ್ಜರಿ ಕೊಯ್ಯಲು ಹೋದರೆ ಅರ್ಧದಲ್ಲಿ ಸೀಳಿಕೊಳ್ಳುತ್ತದೆ. ತರಕಾರಿಗೆ ನಿನ್ನ ರೂಮಿನಲ್ಲಿರುವ ತೆಳು ಚಾಕುವೇ ಒಳ್ಳೆಯದು. ಹಲಸು ಕೊಯ್ಯುವುದಾದರೆ ಅಜ್ಜಿಯ ಹಾಗೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಂಡು ಮೆಟ್ಟುಕತ್ತಿಯ ಮುಂದೆ ಕೂರುವುದೇ ಸರಿ.

ಈಗ ನಿನ್ನ ವಿಷಯ. ಪುಣೆಯ ನರ್ಸರಿಯಲ್ಲಿ ನಿನ್ನ ಕೆಲಸ ಕಸಿ ಕಟ್ಟುವುದು. ಅದಕ್ಕೆ ನನ್ನ ಚಾಕು ಆಗುವುದಿಲ್ಲ ಮಗಾ. ಇದರ ಬಾಯಿ ಎರಡೂ ಕಡೆಯಿಂದ ಮಸೆದದ್ದು. ಕಡ್ಡಿಗೆ ಓರೆಯಾಗಿ ಕೊಯ್ದರೆ ಗಾಯ ಸಪಾಟಾಗಿ ಬರುವುದಿಲ್ಲ, ಎರಡು ತೊಗಟೆ ಒಂದಕ್ಕೊಂದು ಕೂರುವುದಿಲ್ಲ. ಕಸಿ ಚಾಕು ಒಂದೇ ಕಡೆ ಮಸೆದದ್ದಿರಬೇಕು, ತೆಳ್ಳಗಿರಬೇಕು. ಅದು ಇದರ ಬೆಲೆಯ ಹತ್ತರಲ್ಲೊಂದು ಪಾಲಿಗೂ ಸಿಗುತ್ತದೆ. ಮೊದಲ ಸಂಬಳದಲ್ಲಿ ಅದನ್ನೇ ಕೊಂಡುಕೋ. ಮಸೆಯಲು ಒಂದು ಒಳ್ಳೆ ಕಲ್ಲು ಕೊಂಡುಕೋ. ಉಳಿದದ್ದನ್ನು ಬ್ಯಾಂಕಿನಲ್ಲಿಡು.

ಜೇಬಿನ ಚಾಕುವಿಗೆ ಸುಮ್ನೆ ಯಾಕೆ ಖರ್ಚು? ಇದನ್ನೇ ನೀನು ತಗೊಂಡು ಹೋಗು. ಮಾರ್ಚ್‌ನಿಂದ ನಾನು ಮಾರ್ಕೆಟ್‌ನ ಗಾಳಾಕ್ಕೆ (ಮಳಿಗೆಗೆ) ಹೋಗುವುದು ವಾರಕ್ಕೆ ಎರಡೇ ದಿನ ಎಂದು ಮಾಲೀಕರಿಗೆ ಹೇಳಿಯಾಗಿದೆ. ಕ್ಲಿಪ್ ಸ್ವಲ್ಪ ಸಡಿಲವಾಗಿದೆ, ಹಿಡಿಯ ಮೇಲೆ ಕೀಲಿಗೊಂಚಲು ಉಜ್ಜಿ ಉಜ್ಜಿ ಗೀರು ಬಿದ್ದಿದೆ. ಕೆಲಸಕ್ಕೆ ಏನೂ ತೊಂದರೆ ಇಲ್ಲ. ಮಡಚುವಾಗ ಹೆಬ್ಬೆರಳು ಲಾಕನ್ನು ಸರಿಸಬೇಕು, ಅಲಗು ಸ್ವಲ್ಪ ಇಳಿದ ಕೂಡಲೇ ಹೆಬ್ಬೆರಳನ್ನು ಆ ದಾರಿಯಿಂದ ತೆಗೆಯಬೇಕು. ಮಂಗಳೂರಿಗೆ ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಡಬೇಡ, ಕೆಳಗೆ ಹಾಕುವ ಲಗೇಜಿನಲ್ಲಿ ಇಡು.

ಮುಂದಿನ ಶನಿವಾರ ಬರುತ್ತೀಯಲ್ಲ. ಕಲ್ಯಾಣ್‌ನಲ್ಲಿ ಇಳಿ, ನಾನು ಸ್ಟೇಷನ್‌ಗೆ ಬಂದಿರುತ್ತೇನೆ. ಅಷ್ಟರಲ್ಲಿ ಕಸಿ ಚಾಕು ಕೊಂಡಿದ್ದರೆ ಅದನ್ನೂ ತಗೊಂಡು ಬಾ. ಹಾಲ್‌ನಲ್ಲಿ ಪೇಪರ್ ಹಾಸಿ ಎರಡನ್ನೂ ಒಟ್ಟಿಗೆ ಮಸೆಯೋಣ. ಈ ಸಲ ಟಾರ್ಚ್ ನಾನು ಹಿಡಿಯುತ್ತೇನೆ, ನೀನು ಬಿಚ್ಚು.

ನಿನ್ನ
ಅಪ್ಪಯ್ಯ